ನಡುವ ಬರೋ ಹೊಸ ಪಾತ್ರಗಳನ್ನ ಆಟಕ್ಕ ಹೆಂಗ ತಗೋಬೇಕು: ಸಿಂಧನೂರಿನ ತಮ್ಮನ ಪ್ರಶ್ನೆಗೆ

ತಮ್ಮಾ, ನಿನ್ನ ಮೆಸೇಜ್ ನಿನ್ನೆನ ನೋಡಿದ್ನಿ, ರಾತ್ರಿ ಗದ್ದಿಗೆ ನೀರ್ ಕಟ್ಟೋ ಪಾಳಿ ನಂದಿತ್ತು, ಅದಕ್ಕ ಈಗ ಬರಿಯಾಕತ್ತೀನಿ. ನೀವು ನಾಲ್ಕು ಮಂದಿ ಏಳು ತಿಂಗಳಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸ್ಕೊಂತ ಕಥಿ ಕಟ್ಟೋ ಆಟ) ಆಡಾಕತ್ತೀರಿ, 2014ರ ರೂಲ್ಸ್, ಎಲ್ಲಾರೂ ಐದನೇ ಲೆವೆಲ್ಲಿಗೆ ಬಂದೀರಿ, ಈಗ ಮೂರು ಮಂದಿ ಹೊಸಬ್ರು ಬರೋ ಭಾನುವಾರನ ಸೇರ್ತೀವಿ ಅಂತ ಕುಂತಾರ, ಏನ್ ಮಾಡೋದು ಅಂತ ನಿನ್ನ ಪ್ರಶ್ನೆ. ಮೂವರನ್ನೂ ಒಂದ ದಿನ ತಗೋಬ್ಯಾಡ. ಉಳಿದಿದ್ದು ಆಮ್ಯಾಲ.

ನಾವು ಗಂಗಾವತ್ಯಾಗ ಹಿಂಗ ಮಾಡಿ ಕೈ ಸುಟ್ಕೊಂಡೀವಿ. ಡಿಎಂ, ಅಂದ್ರ ಕಥಿ ನಡಸಾವ, ನಾನ ಇದ್ದೆ. ಹೊಸಬ್ರಾಗ ಒಬ್ಬಾತ ನಾಲ್ಕು ಪುಟ ಹಿನ್ನೆಲೆ ಬರ್ಕೊಂಡ್ ಬಂದಿದ್ದ, ಕಳಕೊಂಡ ರಾಜ್ಯ, ಮೂರು ಶಾಪ, ಮ್ಯಾಲ ಒಂದು ಸಾಕಿದ ಡ್ರ್ಯಾಗನ್ ಮರಿ, ಅದನ್ನ ಓದಾಕ ಇಪ್ಪತ್ತು ನಿಮಿಷ, ಅಷ್ಟ್ರಾಗ ಒಗ್ಗರಣಿ ಮಿರ್ಚಿ ಖಾಲಿ, ಹಳಬ್ರೆಲ್ಲಾ ಫೋನ್ ಹಿಡ್ಕೊಂಡಿದ್ರು. ನಂದೂ ತಪ್ಪೈತಿ, ಮೂವರನ್ನೂ ಒಂದು ಛತ್ರದ ಕಟ್ಟಿ ಮ್ಯಾಲ ಕುಂದ್ರಿಸಿ "ಇವ್ರು ನಿಮಗ ಸಿಕ್ರು, ಮುಂದ ಮಾತಾಡ್ರಿ" ಅಂದ್ಬಿಟ್ಟೆ. ಹಿಂದಿನ ವಾರ ಕಥಿಯೊಳಗ ಒಬ್ಬ ಗೂಢಚಾರ ಇವರಿಗೆ ಮೋಸ ಮಾಡಿದ್ದ, ಹಂಗಾಗಿ ಹಳಬ್ರಿಗೆ ಹೊಸ ಮುಖ ಕಂಡ್ರ ಡೌಟು. ಕೈ ಕಟ್ಟಿ ವಿಚಾರಣೆ ಚಾಲೂ ಮಾಡಿದ್ರು, ಮೂರು ತಾಸು ಅದ ಆತು. ಒಬ್ಬಾಕಿ ಜೀವನದಾಗ ಮೊದಲನೇ ಸಲ ಇಪ್ಪತ್ತು ಮುಖದ ಡೈಸ್ ಕೈಯಾಗ ಹಿಡ್ಕೊಂಡಿದ್ಲು, ಒಂದು ಸಲಾನೂ ಉರುಳಿಸದ ಮನಿಗೆ ಹೋದ್ಲು, ಮತ್ತ ಬರಲೇ ಇಲ್ಲ.

ನನಗ ದಾರಿ ಹೊಳದಿದ್ದು ಊರ ದೊಡ್ಡಾಟ ನೋಡ್ಕೊಂತ ಕುಂತಾಗ. ನೀನೂ ನೋಡಿರ್ತಿ, ಯಾವ ಪಾತ್ರ ಬಂದ್ರೂ ಸಾರಥಿ ತಡದು ಕೇಳ್ತಾನ, ನೀವು ಯಾರು, ಯಾವ ಊರವ್ರು, ಬಂದ ಕಾರಣ ಏನು. ಅಷ್ಟಕ್ಕ ಉತ್ತರ ಕೊಟ್ಟ ಮ್ಯಾಲ ಕಥಿ ಮುಂದ ಹೋಗ್ತೈತಿ (ರಾಕ್ಷಸ ಪಾತ್ರ ಬಂದ್ರ ತನ್ನ ತಾನ ಹೊಗಳ್ಕೊಳ್ಳೋದು ಬೆಳತನಾ ಮುಗಿಯಂಗಿಲ್ಲ, ಅದು ಬ್ಯಾರೆ ಮಾತು). ಅವತ್ತಿನಿಂದ ನಮ್ಮ ಟೇಬಲ್‌ನ್ಯಾಗ ಡಿಎಂಗೆ ಸಾರಥಿ ಅಂತನ ಕರಿಯೋದು, ಹೊಸಬ್ರಿಗೂ ಆ ಮೂರು ಪ್ರಶ್ನೆ ಕೇಳ್ತೀವಿ, ನಾಲ್ಕನೇದು ನಾವು ಸೇರಿಸಿದ್ದು: ಈಗ ಇರೋರ ಪೈಕಿ ನಿನಗ ಯಾರು ಗೊತ್ತು? ಒಂದೊಂದಕ್ಕ ಒಂದ ಸಾಲು ಉತ್ತರ. ನಾಲ್ಕು ಪುಟ ಬರದೀನಿ ಅಂದ್ರ ಬರ್ಕೊಳ್ಳಪ್ಪಾ, ನಿನ್ ಹತ್ರನ ಇರ್ಲಿ, ಆಡ್ಕೊಂತ ಹೊರಗ ಬರ್ತೈತಿ.

ಆ ನಾಲ್ಕನೇ ಪ್ರಶ್ನೆ ಮಾತ್ರ ಬಿಡಬ್ಯಾಡ. ಉತ್ತರ ಹೊಸಬ ಒಬ್ಬನ ಬರದ್ರ ಆಗಲ್ಲ, ಹಳಬ ಒಬ್ಬ "ಹೌದು, ಇವನ್ನ ಬಲ್ಲೆ" ಅಂತ ಮೊದಲ ಒಪ್ಪಿರಬೇಕು. ಆಮ್ಯಾಲ ನಮಗ ಒಬ್ಬ ಹೊಸಬ ಬಂದಾಗ ಏನ್ ಮಾಡಿದ್ವಿ ಅಂದ್ರ, ಗಂಗಾವತಿ ಹತ್ರ ಹಿರೇಬೆಣಕಲ್ ಮೊರ್ಯಾರ ಗುಡ್ಡ ಐತಲ್ಲ, ಅಲ್ಲಿನ ಹಳೇ ಕಾಲದ ಕಲ್ಮನಿಗಳನ್ನ ನಮ್ಮ ಆಟದ ನಕಾಶಿಯೊಳಗ ಹಂಗ ಹಾಕ್ಕೊಂಡೀವಿ, ಕುಳ್ಳ ಮಂದಿ ಕಟ್ಟಿದ್ದು ಅಂತ ಹಿರೇರು ಹೇಳ್ತಾರಲ್ಲ, ಆಟದಾಗಿನ ಡ್ವಾರ್ಫ್ ಅನ್ನೋ ಕುಳ್ಳರಿಗೆ ಅದಕ್ಕಿಂತ ಚಲೋ ಊರು ಎಲ್ಲಿ ಸಿಗ್ತೈತಿ. ಹಳೇ ಆಟಗಾರನ ಡ್ವಾರ್ಫ್ ಕಾಲಿಗೆ ಬಾಣ ಬಿದ್ದು ಬಂಡಿ ಹಿಂದ ಸಿಕ್ಕೊಂಡಿದ್ದ, ಶತ್ರುಗಳು ಎರಡೂ ಕಡೆ. ಆಗ ಹಿಂದಿನ ಕಲ್ಮನಿಯ ದುಂಡನ ಕಿಂಡಿಯಿಂದ ಒಂದು ಕೈ ಹೊರಗ ಬಂತು, "ಮಾವಾ, ತಲಿ ಬಗ್ಗಿಸು" ಅಂತು ದನಿ, ಅವನ ತಲಿ ಮ್ಯಾಲಿಂದ ಕವಣಿಗಲ್ಲು ಹೋತು. ಹೊಸಬನ ಮೊದಲನೇ ಮಾತು ಅದ, ಮೊದಲನೇ ಡೈಸೂ ಅದ. ಇವನು ಅಕ್ಕನ ಮಗ ಅಂತ ಇಬ್ರೂ ಹಿಂದಿನ ದಿನನ ಫೋನಿನ್ಯಾಗ ಮಾತಾಡ್ಕೊಂಡಿದ್ರು. ಐದು ನಿಮಿಷದಾಗ ಅವನು ತಂಡದಾಗಿದ್ದ, ಯಾರೂ ವಿಚಾರಣೆ ಮಾಡಲಿಲ್ಲ. ಕಷ್ಟದಾಗಿದ್ದಾಗ ಬಂದಾವನ್ನ ಯಾರು ಕಟ್ಟಿ ಹಾಕ್ತಾರ ಹೇಳು.

ಲೆವೆಲ್ ಬಗ್ಗೆ ಒಂದ ಮಾತು, ಹಳಬ್ರು ಎಷ್ಟೋ ಹೊಸಬ್ರೂ ಅಷ್ಟ. "ನಾವು ಕಷ್ಟಪಟ್ಟು 6,500 ಎಕ್ಸ್‌ಪಿ (ಅನುಭವದ ಪಾಯಿಂಟ್) ದುಡದೀವಿ, ಅವ್ರು ಒಂದರಿಂದ ಬರ್ಲಿ" ಅಂತ ನಿಮ್ಮ ತಂಡದಾಗೂ ಒಬ್ಬ ಅಂದಾನ ಅಂತ ಬರದಿದ್ದಿ. ಅವಗ ಈ ಲೆಕ್ಕ ತೋರಿಸು. ಒಂದನೇ ಲೆವೆಲ್ ವಿಜರ್ಡ್‌ಗೆ (ಮಂತ್ರವಾದಿಗೆ) ಹಿಟ್ ಪಾಯಿಂಟ್, ಅಂದ್ರ ಏಟು ತಡಿಯೋ ಶಕ್ತಿ, 8 ಅಂತ ಹಿಡಿ. ನಿಮ್ಮ ಲೆವೆಲ್ಲಿಗೆ ತಕ್ಕ ಶತ್ರು ಒಂದು ಫೈರ್‌ಬಾಲ್ (ಬೆಂಕಿ ಉಂಡಿ ಮಂತ್ರ) ಒಗದ್ರ ಆರು ಮುಖದ ಡೈಸ್ ಎಂಟು, ಸರಾಸರಿ 28. ಸೇವ್ (ಏಟು ತಪ್ಪಿಸ್ಕೊಳ್ಳಾಕ ಉರುಳಿಸೋ ಡೈಸ್) ತಪ್ಪಿತೋ, 8 ಕಳದು ಇನ್ನೂ 20 ಉಳೀತು, ಉಳಿದಿದ್ದು ಅವನ ಪೂರ್ತಿ ಹಿಟ್ ಪಾಯಿಂಟಿನಷ್ಟು ಅಥವಾ ಜಾಸ್ತಿ ಆದ್ರ ರೂಲ್ ಪ್ರಕಾರ ಅಲ್ಲೇ ಸತ್ತ, ಜೀವ ಉಳಿಸ್ಕೊಳ್ಳಾಕ ಉರುಳಿಸೋ ಡೆತ್ ಸೇವೂ ಇಲ್ಲ. ಸೇವ್ ಆದ್ರೂ ಅರ್ಧ 14, ನೆಲಕ್ಕ ಬಿದ್ದ. ಅದ ಜಾಗದಾಗ ನಿಮ್ಮ ಐದನೇ ಲೆವೆಲ್ ಫೈಟರ್ ಮೈ ಜಾಡಿಸ್ಕೊಂಡು ಎದ್ದು ಎರಡೇಟು ಹೊಡೀತಾನ. ಸಮ ಲೆವೆಲ್ ಕೊಡು, ಮ್ಯಾಜಿಕ್ ಸಾಮಾನು ಮಾತ್ರ ಕಡಿಮಿ ಕೊಡು, ಹಳಬ್ರ ಸಮಾಧಾನಕ್ಕ ಅಷ್ಟು ಸಾಕು.

ಆದ್ರ ರೂಲ್ಸ್ ಗೊತ್ತಿಲ್ಲದೋರ ಕೈಗೆ ಐದನೇ ಲೆವೆಲ್ ಪಾತ್ರದ ಶೀಟ್ ಕೊಟ್ರ ಕಣ್ಣು ಕತ್ಲ ಬರ್ತೈತಿ, ಅಷ್ಟೊಂದು ಮಂತ್ರ ಇರ್ತಾವ. ಅಂಥೋರಿಗೆ ವಾರದಾಗ ಒಂದಿನ ಸಂಜಿ ಬ್ಯಾರೆ ಒಂದು ತಾಸು ಒಂದನೇ ಲೆವೆಲ್ಲಿನ ಸಣ್ಣ ಆಟ ಆಡಿಸು, ಒಬ್ಬ ಹಳಬನ್ನ ಜೋಡಿ ಕುಂದ್ರಿಸ್ಕೊಂಡು.

ಇನ್ನ ವಾರದ ನಡುವ ಟೆಲಿಗ್ರಾಮಿನ್ಯಾಗ ಬರದು ಆಡ್ತೀರಲ್ಲ, ಜಗಳ ಹುಟ್ಟೋದು ಅಲ್ಲೇ. ಎಲ್ಲಾರೂ ನೋಡೋ ಹಂಗ ಒಂದು ಗೂಗಲ್ ಶೀಟ್ ಇಡು, ಪಾತ್ರದ ಹೆಸರು, ಆಡೋರು ಯಾರು, ಕಥಿಯೊಳಗ ಇವತ್ತು ಎಲ್ಲಿ ಅದಾನ, ಅವಗ ಏನೇನು ಗೊತ್ತೈತಿ. ಈ ಕಡೀ ಕಾಲಂ ಭಾಳ ಮುಖ್ಯ, ಯಾಕಂದ್ರ ಹೊಸಬ ಹಳೇ ಚಾಟ್ ಎಲ್ಲಾ ಓದಿರ್ತಾನ, ಮಂತ್ರಿ ಕಳ್ಳ ಅಂತ ಅವಗ ಗೊತ್ತು, ಅವನ ಪಾತ್ರಕ್ಕ ಗೊತ್ತಿರಬಾರದು. ಹೆಸರಿನ ಮೊದಲನೇ ಅಕ್ಷರ ಬ್ಯಾರೆ ಬ್ಯಾರೆ ಇರ್ಲಿ, ನಮ್ಮಲ್ಲಿ ವೀರಭದ್ರ ವೀರಬಾಹು ಇಬ್ರಿದ್ರು, ಒಬ್ಬಗ ಬಿದ್ದ ಏಟು ಇನ್ನೊಬ್ಬಗ ಬರದು ದೊಡ್ಡ ಪಂಚಾಯ್ತಿ ಆತು. ಮತ್ತ ಬ್ಯಾರೆಯವ್ರ ಪಾತ್ರದ ಬಾಯಾಗ ಮಾತು ತುರುಕಬಾರದು. "ನಾನು ಕತ್ತಿ ಬೀಸಿದೆ" ಅಂತ ಬರಿ, "ಅವನ ಕೈ ಕತ್ತರಿಸಿ ಬಿತ್ತು" ಅಂತ ಬರಿಯೋ ಹಕ್ಕು ನಿಂದಲ್ಲ.

ಸೇರೋ ಮೊದಲ ಒಬ್ಬೊಬ್ಬರನ್ನ ಬ್ಯಾರೆ ಕರದು ಕೇಳು, ಕಥಿಯೊಳಗ ಯಾವುದು ಬ್ಯಾಡ ಅಂತ. ಗುಂಪಿನ್ಯಾಗ ಕೇಳಿದ್ರ ಯಾರೂ ಹೇಳಂಗಿಲ್ಲ. ನಮ್ಮ ತಂಗಿಯಂಥಾಕಿ ಒಬ್ಬಾಕಿ "ಹಾವು ಒಂದು ಬ್ಯಾಡ ಅಣ್ಣಾ" ಅಂದ್ಲು, ಹೊಲದಾಗ ಅವ್ರಪ್ಪಗ ಕಚ್ಚಿತ್ತಂತ. ಆ ವಾರದ ಗುಹೆ ತುಂಬಾ ಹಾವನ ಇಟ್ಟಿದ್ನಿ. ಎಲ್ಲಾ ಚೇಳು ಮಾಡಿದೆ, ಯಾಕಂತ ಯಾರಿಗೂ ಹೇಳಲಿಲ್ಲ.

ಈಗ ನಿನ್ನ ಮೂವರ ವಿಷಯ. ಏಳು ಮಂದಿ ಆದ್ರ ಕಾಳಗದಾಗ ತಲಿಗೆ ಮೂರು ನಿಮಿಷ ಹಿಡದ್ರೂ ಒಂದು ಸುತ್ತಿಗೆ 21 ನಿಮಿಷ, ಶತ್ರುಗಳ ಪಾಳಿ ಬ್ಯಾರೆ, ಅಷ್ಟ್ರಾಗ ಒಬ್ಬ ಚಾ ಕುಡದು ಬರ್ತಾನ. ಈ ಭಾನುವಾರ ಒಬ್ಬನ್ನ ಅಷ್ಟ ತಗೋ, ಎರಡು ಆಟ ಬಿಟ್ಟು ಇನ್ನೊಬ್ಬನ್ನ. ಕಾಯೋ ಇಬ್ರನ್ನ ಮನ್ಯಾಗ ಕುಂದ್ರಸಬ್ಯಾಡ, ಕರಿ, ಗಾಬ್ಲಿನ್‌ಗಳನ್ನ (ಆಟದಾಗಿನ ಸಣ್ಣ ಶತ್ರುಗಳನ್ನ) ಅವ್ರ ಕೈಗೆ ಕೊಡು. ಹಳಬ್ರನ್ನ ಹೊಡಿಯೋ ಕೆಲಸ ಅಂದ್ರ ಎಂಥಾ ಖುಷಿ ಅಂತಿ, ಡೈಸು ರೂಲ್ಸು ಎರಡೂ ತಾನ ಬರ್ತಾವ. ಮೂರನೇಯವನ್ನ ನಾಟಿ ಹೊತ್ತಿಗೆ ಇಟ್ಕೋ, ಕಾಲುವಿಗೆ ನೀರ್ ಬಿಟ್ರ ನಿಮ್ಮ ಕಡೆ ಹೆಂಗೂ ಇಬ್ರು ನಾಪತ್ತೆ ಆಗ್ತಾರ, ಹೋಗೋರ ಪಾತ್ರನ ದೂತನ ಕೆಲಸಕ್ಕೋ ಯಾತ್ರೆಗೋ ಮರ್ಯಾದಿಲೆ ಕಳಿಸಿ ಆ ಜಾಗಕ್ಕ ಇವನ್ನ ತಗೋ.

ನಮ್ಮ ಶೀಟಿನ ಖಾಲಿ ನಮೂನಿ ರಾತ್ರಿ ಕಳಸ್ತೀನಿ, ಈಗ ಕರೆಂಟ್ ಇಲ್ಲ, ಫೋನ್ ಚಾರ್ಜೂ ಮುಗಿಯಾಕ ಬಂದೈತಿ. ಮೂವರು ಯಾವ ಯಾವ ಕ್ಲಾಸ್ (ಪಾತ್ರದ ಬಗೆ) ಆಡ್ತಾರ ಅಂತ ಬರದಿಲ್ಲ ನೀನು. ನಿಮ್ಮಾಗ ಕ್ಲೆರಿಕ್, ಗಾಯ ವಾಸಿ ಮಾಡೋ ಪೂಜಾರಿ, ಯಾರೂ ಇಲ್ಲ ಅಲ್ಲೇನು? ಅವ್ರಾಗ ಒಬ್ಬ ಆಡ್ತೀನಿ ಅಂದ್ರ ಮೊದಲ ಅವನ್ನ ಕರ್ಕೋ.