ಪುಡಿ ಅಮ್ಮನದೇ, ಸಾರು ಮಾತ್ರ ಬೇರೆ

ಪ್ರಶ್ನೆ: ಕೆಲಸದ ನಿಮಿತ್ತ ಹಾಸನದಿಂದ ಪುಣೆಗೆ ಬಂದಿದ್ದೇನೆ. ಸಾರಿನ ಪುಡಿಯನ್ನು ಅಮ್ಮನೇ ಕಳಿಸುತ್ತಾರೆ. ಆದರೂ ನಾನು ಮಾಡಿದ ಸಾರಿಗೆ ಅಮ್ಮನ ಸಾರಿನ ರುಚಿ ಬರುವುದಿಲ್ಲ. ನೆಗಡಿಯಾದಾಗಲಂತೂ ಬಿಸಿ ಅನ್ನ, ಸಾರು ನೆನೆದು ಅಳುವೇ ಬರುತ್ತದೆ. ಜೊತೆಗಿರುವ ಗೆಳತಿ ನಗುತ್ತಾಳೆ. ಇದೆಲ್ಲ ಬರೀ ಭಾವುಕತೆಯೇ?
– ಓದುಗರು, ಪುಣೆ

ಉತ್ತರ: ಮೊದಲು ನಿಮ್ಮ ನೀರನ್ನು ವಿಚಾರಿಸೋಣ, ಭಾವುಕತೆ ಆಮೇಲೆ. ಮನೆಗೆ ಕೊಳವೆಬಾವಿಯ ನೀರೋ ಟ್ಯಾಂಕರ್ ನೀರೋ ಬರುತ್ತಿದ್ದರೆ ಅದು ಗಡಸಾಗಿರಬಹುದು. ಗಡಸು ನೀರಿನಲ್ಲಿ ತೊಗರಿಬೇಳೆ ಕರಗುವುದಿಲ್ಲ, ಬೇಳೆಕಟ್ಟು ನೀರುನೀರಾಗಿಯೇ ಉಳಿಯುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಬೇಯಿಸಿ. ಹುಣಸೆ ರಸ ಬೇಳೆ ಪೂರ್ತಿ ಬೆಂದ ಮೇಲೆಯೇ ಬೀಳಲಿ. ಹುಳಿ ಮೊದಲೇ ಸೇರಿದರೆ ಬೇಳೆ ಮೆತ್ತಗಾಗದೆ ಹಟ ಹಿಡಿಯುತ್ತದೆ. ಪುಡಿ ಹಾಕಿದ ಮೇಲೆ ಗಳಗಳ ಕುದಿಸುತ್ತಲೇ ಇದ್ದರೆ ಘಮವೆಲ್ಲ ಪಕ್ಕದ ಮನೆಯವರ ಪಾಲು. ಅಂಚಿನಲ್ಲಿ ನೊರೆ ಕಟ್ಟಿ ಉಕ್ಕಲು ಹೊರಟಾಗ ಉರಿ ಆರಿಸಿ. ತುಪ್ಪದಲ್ಲಿ ಸಾಸಿವೆ ಸಿಡಿದು, ಇಂಗು ಅರಳಿ, ಕರಿಬೇವು ಚಟಪಟ ಎನ್ನುತ್ತಿರುವಾಗಲೇ ಸಾರಿಗೆ ಸುರಿದು ತಟ್ಟೆ ಮುಚ್ಚಿಬಿಡಿ.

ಇಷ್ಟು ಮಾಡಿದರೂ ಏನೋ ಕೊರತೆ ಎನಿಸುತ್ತದೆ, ನನಗೆ ಗೊತ್ತು. ಅದಕ್ಕೆ ಪುಡಿಯನ್ನು ದೂರಬೇಡಿ. ಅರ್ಧ ಗಂಟೆ ಅದೇ ಹಬೆಯಲ್ಲಿ ನಿಂತ ಮೂಗು ಆ ಘಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಅಮ್ಮನ ಸಾರನ್ನು ನೀವು ಹೊರಗಿನಿಂದ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕುಳಿತು ಉಂಡವರು. ನಾವೆಲ್ಲ ಅತ್ತೆಯ ಸಾರನ್ನು ಬೊಗಸೆಯಲ್ಲಿ ಹಾಕಿಸಿಕೊಂಡು ಸುರಿಯುತ್ತಿದ್ದರೆ ಅವರು ಮಾತ್ರ, “ನಮ್ಮಮ್ಮ ಮಾಡುತ್ತಿದ್ದುದು ಸಾರು, ಇದೇನು ಮಹಾ” ಎನ್ನುತ್ತಿದ್ದರು. ನನಗದು ವರ್ಷಗಟ್ಟಲೆ ಬಿಂಕವೆಂದೇ ಕಂಡಿತ್ತು.

ಇನ್ನು ಅಳು. ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ನೋಟಕ್ಕೂ ಶಬ್ದಕ್ಕೂ ಅಷ್ಟು ನೇರ ದಾರಿಯಿಲ್ಲ. ಇಂಗಿನ ಒಗ್ಗರಣೆಗೆ ಕಣ್ಣು ತುಂಬಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೆಗಡಿಯಲ್ಲಿ ಮೂಗು ಕಟ್ಟಿ ಬೇರೆಲ್ಲವೂ ಸಪ್ಪೆಯಾದಾಗಲೂ ಕಾಳುಮೆಣಸಿನ ಖಾರ ಮಾತ್ರ ನಾಟುತ್ತದೆ, ಏಕೆಂದರೆ ಅದನ್ನು ತಿಳಿಸುವ ನರವೇ ಬೇರೆ. ಆಗ ಬೇಳೆಯ ಗೊಡವೆಗೆ ಹೋಗದೆ ಮೆಣಸು, ಜೀರಿಗೆ ಕುಟ್ಟಿ ಹಾಕಿ ತಿಳಿಸಾರು ಮಾಡಿಕೊಳ್ಳಿ.

ಬರುವ ಭಾನುವಾರ ಆ ನಗುವ ಗೆಳತಿಯ ಕೈಗೇ ಸೌಟು ಕೊಟ್ಟು, ಮಾಡುವ ಕ್ರಮ ಹೇಳಿ, ನೀವು ಒಂದು ಸುತ್ತು ತಿರುಗಾಡಿ ಬನ್ನಿ. ಉಪ್ಪು ಹೆಚ್ಚಾಗಿದ್ದರೂ ಎರಡನೆಯ ಸಲ ಬಡಿಸಿಕೊಳ್ಳಿ. ಮುಂದಿನ ವಾರ ಅವಳ ಊರಿನ ಅಡುಗೆ ನೀವು ಮಾಡಿ.