ಅವರೆಕಾಯಿ ಬಿಡಿಸೋಕೆ ಬಣ್ಣದ ಪೆನ್ಸಿಲ್ ಬೇಕಾ?

ಪತ್ರ: "ನನ್ನ ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಎರಡನೇ ಭಾಷೆ. ಕನ್ನಡ ಮಿಸ್ ವಾರ ವಾರ ಹತ್ತು ನಾಮಪದ, ಹತ್ತು ಕ್ರಿಯಾಪದ ಬರೆದು ತರಲು ಹೇಳುತ್ತಾರೆ. ಈಗ ವಿಭಕ್ತಿ ಪಟ್ಟಿ ಬಾಯಿಪಾಠ ಶುರುವಾಗಿದೆ. ರಾತ್ರಿಯಾದರೆ ಅಳು. ನಮ್ಮ ಅತ್ತೆ 'ಆ ಪಟ್ಟಿ ಆಚೆ ಇಡು, ಮಗೂಗೆ ಕಥೆ ಹೇಳು' ಅಂತಾರೆ. ವ್ಯಾಕರಣದ ಬುನಾದಿ ಗಟ್ಟಿಯಾಗದೆ ಓದು ಬರುತ್ತದೆಯೇ? ಟ್ಯೂಷನ್‌ಗೆ ಸೇರಿಸಲೇ?"
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ:

ತಾಯೀ, ನಿಮ್ಮ ಪತ್ರ ಓದಿ ಮೊದಲು ನಿಮ್ಮ ಅತ್ತೆಯವರಿಗೆ ಕೂತಲ್ಲೇ ಕೈ ಮುಗಿದೆ. ಸಂಪಾದಕ ಅತ್ತೆಯ ಪಾರ್ಟಿ ಅಂತ ಬೇಜಾರಾಗಬೇಡಿ. ಮಗಳ ಅಳು ನೋಡಲಾಗದೆ ಪೆನ್ನು ಹಿಡಿದಿರಲ್ಲ, ಅದಕ್ಕೆ ನಿಮಗೂ ಒಂದು ನಮಸ್ಕಾರ. ಎಷ್ಟೋ ಮನೆಯಲ್ಲಿ ಅಳುವ ಮಗೂಗೆ ಎರಡು ಏಟು ಬೀಳುತ್ತೆ, ಪತ್ರಿಕೆಗೆ ಪತ್ರ ಬರುವುದಿಲ್ಲ.

ನಿಮ್ಮ ಮಿಸ್ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡ ಓದು ಸುಮ್ನೆ ಬರುವುದಿಲ್ಲ. ಇಂಗ್ಲಿಷ್‌ಗೆ 26 ಅಕ್ಷರ ಸಾಕು. ನಮ್ಮ ವರ್ಣಮಾಲೆಯೇ 49. ಅದರ ಮೇಲೆ ಕಾಗುಣಿತ ಹಾಕಿದರೆ ನಾನೂರಕ್ಕೂ ಜಾಸ್ತಿ ರೂಪ. ಆಮೇಲೆ ಒತ್ತಕ್ಷರ. 'ಕರ್ನಾಟಕ' ಅನ್ನುವುದನ್ನೇ ನೋಡಿ. ಬಾಯಲ್ಲಿ 'ರ್' ಮೊದಲು ಬರುತ್ತೆ, 'ನಾ' ಆಮೇಲೆ. ಬರೆಯುವಾಗ 'ನಾ' ಮೊದಲು, ಆ 'ರ್' ಸೂಚಿಸುವ ಅರ್ಕಾವತ್ತು ಆಮೇಲೆ. ಬಸ್ಸಿನ ಮೇಲಿನ ಅಕ್ಷರ ಕೂಡಿಸಿಕೊಂಡು ಮಗು 'ಕನಾರ್ಟಕ' ಅಂತ ಓದಿದರೆ ನಗಬೇಡಿ, ಕಣ್ಣಿಗೆ ಕಂಡ ಸಾಲಿನಲ್ಲೇ ಅದು ಓದಿದೆ. ಕನ್ನಡ ಕಲಿಯುವ ಮಕ್ಕಳನ್ನು ಹತ್ತಿರದಿಂದ ನೋಡಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲೇ ಬರೆದಿದ್ದಾರೆ: ಈ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವಂಥದ್ದಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತೆ. ಹಾಗಾಗಿ ದಿನಾ ಹತ್ತು ನಿಮಿಷ ಕಾಗುಣಿತ ಇರಲಿ. ಇಷ್ಟು ಒಪ್ಪಿದೆ.

ಆದರೆ ವಿಭಕ್ತಿ ಪಟ್ಟಿ? ಏಳು ವರ್ಷದ ಮಗೂಗೆ?

ಇವತ್ತು ಸಂಜೆ ಮಗಳ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. 'ಮನೆಗೆ' ಅಂತಾಳೆ. 'ಮರಕ್ಕೆ' ಅಂತಾಳೆ. 'ಊರಿಗೆ' ಅಂತಾಳೆ. ಒಂದೇ ಚತುರ್ಥಿ, ಮೂರು ವೇಷ. ಎಲ್ಲಾದರೂ ತಪ್ಪಿ 'ಮರಗೆ' ಅಂದಿದ್ದಾಳಾ? ಅವಳಿಗೆ ಇದನ್ನು ಯಾರು ಕಲಿಸಿದರು? ಇನ್ನೂ ಚಿಕ್ಕ ಮಕ್ಕಳು 'ನಾನು ಬೀಳಿದೆ' ಅನ್ನುವುದನ್ನು ಕೇಳಿರುತ್ತೀರಿ. ನಾವು ನಗುತ್ತೇವೆ. ಮಗು 'ಓಡಿದೆ', 'ಮಾಡಿದೆ', 'ಹಾಡಿದೆ' ಅನ್ನುವ ಮಾತೆಲ್ಲ ಕೇಳಿ, ತಾನೇ ಒಂದು ಸೂತ್ರ ಕಟ್ಟಿ, 'ಬೀಳು'ಗೂ ಹಚ್ಚಿದೆ. 'ಬಿದ್ದೆ' ಅನ್ನುವುದು ಸೂತ್ರ ಮೀರಿದ ಮಾತು, ಅದು ಕೇಳಿ ಕೇಳಿ ಬರಬೇಕು. ಅಂದರೆ ವ್ಯಾಕರಣ ಆಗಲೇ ನಾಲಿಗೆ ಮೇಲಿದೆ. ಅದರ ಹೆಸರುಗಳನ್ನು ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಕಲಿತರೂ ನಡೆಯುತ್ತೆ.

ಆ ಪಟ್ಟಿಯಾದರೂ ನಾವು ಆಡುವ ಮಾತೇ? ಪಂಚಮಿಗೆ 'ದೆಸೆಯಿಂದ' ಅಂತ ಬರೆಸುತ್ತಾರೆ. 'ಮರದ ದೆಸೆಯಿಂದ ಹಣ್ಣು ಬಿತ್ತು' ಅಂತ ನಿಮ್ಮ ಬೀದಿಯಲ್ಲಿ ಯಾರಾದರೂ ಅಂದಿದ್ದಾರಾ? ಮರದಿಂದ ಬಿತ್ತು, ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಳೆದ ಜನವರಿಯಲ್ಲಿ ನನ್ನ ಅಣ್ಣನ ಮೊಮ್ಮಗಳು ಮನೆಗೆ ಬಂದಿದ್ದಳು. ಮೂರನೇ ಕ್ಲಾಸು. ಒಂದು ಕಥೆ ಪುಸ್ತಕ ಕೊಟ್ಟು ಓದಿಸಿದೆ. 'ಅಜ್ಜಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು.' ಒಂದು ಒತ್ತೂ ತಪ್ಪಲಿಲ್ಲ, ಎಲ್ಲೂ ತಡವರಿಸಲಿಲ್ಲ. ನನಗೆ ಖುಷಿಯೋ ಖುಷಿ.

"ಅಜ್ಜಿ ಏನು ಮಾಡ್ತಿದ್ದಳು ಪುಟ್ಟಿ?" ಅಂದೆ.

"ಡ್ರಾಯಿಂಗ್ ಮಾಡ್ತಿದ್ದಳು ತಾತ. ಗ್ರೀನ್ ಪೆನ್ಸಿಲ್‌ನಲ್ಲಿ."

ಶಾಲೆಯಲ್ಲಿ 'ಚಿತ್ರ ಬಿಡಿಸಿ' ಅಂತ ಹೇಳಿಕೊಟ್ಟಿದ್ದಾರೆ. ಅವಳಿಗೆ ಗೊತ್ತಿರುವ 'ಬಿಡಿಸು' ಅದೊಂದೇ. ತಮಾಷೆ ಅಂದರೆ, ಅದೇ ಹೊತ್ತಿಗೆ ನನ್ನ ಹೆಂಡತಿ ಅಡುಗೆಮನೆ ನೆಲದ ಮೇಲೆ ಪೇಪರ್ ಹಾಸಿಕೊಂಡು ಎರಡು ಕೇಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. (ಹಾಸಿದ್ದು ನಮ್ಮ ಪತ್ರಿಕೆಯದೇ ಹಳೇ ಸಂಚಿಕೆ. ಅದಿರಲಿ.) ಗಂಟು ಬಿಡಿಸು, ಲೆಕ್ಕ ಬಿಡಿಸು, ಜಗಳ ಬಿಡಿಸು, ಶಾಲೆ ಬಿಡಿಸು – ಒಂದು ಪುಟ್ಟ ಮಾತಿಗೆ ಎಷ್ಟು ಬಾಗಿಲು! ಆ ಮಗೂಗೆ ತೆರೆದಿದ್ದು ಒಂದೇ.

ಕನ್ನಡದ ಮೋಸವೇ ಇದು. ಬರೆದಂತೆ ಓದಬಹುದು. ಅಕ್ಷರ ಗೊತ್ತಿದ್ದರೆ ಸಾಕು, ಅರ್ಥ ತಲೆಗೆ ಹೋಗದೆಯೂ ಗಡಗಡ ಓದಿಬಿಡಬಹುದು. ಕೇಳುವವರಿಗೆ ಮಗು ಜಾಣೆ ಅನ್ನಿಸುತ್ತೆ. ಇಂಗ್ಲಿಷ್ ಹಾಗಲ್ಲ, ಅಲ್ಲಿ ಸ್ಪೆಲಿಂಗ್ ಹತ್ತಿರವೇ ಎಡವುತ್ತಾರೆ. ಅದಕ್ಕೇ ಅಲ್ಲಿ ಫೋನಿಕ್ಸ್, ಅಂದರೆ ಯಾವ ಅಕ್ಷರಕ್ಕೆ ಯಾವ ಸದ್ದು ಅಂತ ಕಲಿಸುವ ಪಾಠ, ಬೇಕು. ಅಮೆರಿಕದಲ್ಲಿ 2000ದಲ್ಲಿ ಇದಕ್ಕೆಂದೇ ಕೂತ ತಜ್ಞರ ಸಮಿತಿಯೂ ಫೋನಿಕ್ಸ್ ಕ್ರಮವಾಗಿ ಕಲಿಸಿದರೆ ಲಾಭವಿದೆ ಅಂದಿತು. ಸರಿ. ಆದರೆ ಅಲ್ಲಿನ ಕಾಯಿಲೆಯ ಔಷಧಿಯನ್ನು ಇಲ್ಲಿನ ಮಗೂಗೆ ಕುಡಿಸಬೇಡಿ. ನಮ್ಮ ಮಕ್ಕಳಿಗೆ ಕಡಿಮೆ ಬಿದ್ದಿರುವುದು ಪದ.

ಆಟದ ಜೊತೆ ಪಾಠ ಕಲಿಸುವ ನಲಿ-ಕಲಿ ಪದ್ಧತಿಯವರು ಇದನ್ನು ಅರ್ಧ ಹಿಡಿದಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದ್ದು ಅದು. ಅ ಆ ಇ ಈ ಅಂತ ವರ್ಣಮಾಲೆ ಮುಗಿಯುವವರೆಗೆ ಮಗುವನ್ನು ಕಾಯಿಸುವುದಿಲ್ಲ. 'ರ ಗ ಸ ದ ಅ' ಅಂತ ಐದು ಅಕ್ಷರ ಕೊಟ್ಟು ಆರಂಭ. ಅಷ್ಟರಲ್ಲೇ ಅರಸ, ಅಗಸ, ಸರ, ಗರಗಸ ಓದಬಹುದು. ಓದಿದ್ದು ಪದ ಆಯಿತಲ್ಲ ಅಂತ ಮಗೂಗೂ ಹಿಗ್ಗು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು ಗರಗಸ ಎಲ್ಲಿ ನೋಡಿದೆ? ಅಗಸ ಅಂದರೆ ಯಾರು ಅಂತ ಕೇಳಿ, ಮೊಬೈಲ್ ಹುಡುಕುತ್ತೆ. ಅಲ್ಲಿಂದ ಮುಂದಿನ ಕೆಲಸ ಮನೆಯವರದು.

ಮನೆಯಲ್ಲಿ ನಾವು ಆಡುವ ಕನ್ನಡ ಎಷ್ಟು? 'ಬೇಗ ಏಳು, ಶೂ ಹಾಕ್ಕೋ, ವ್ಯಾನ್ ಬಂತು, ಹೋಂವರ್ಕ್ ಆಯ್ತಾ, ಮಲಕ್ಕೋ.' ದಿನವಿಡೀ ಆರ್ಡರ್. 2014ರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಮಾಧ್ಯಮ ಆರಿಸುವ ಹಕ್ಕು ಅಪ್ಪ ಅಮ್ಮಂದಿರದು ಅಂದಿತು. ನನ್ನ ತಕರಾರಿಲ್ಲ, ಮಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಲಿ. ಆದರೆ ಅಡುಗೆಮನೆಯ ಮಾಧ್ಯಮ ಬದಲಾಯಿಸಿ ಅಂತ ಯಾವ ಕೋರ್ಟೂ ಹೇಳಿಲ್ಲ.

ಜಯನಗರದಲ್ಲಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರಿಗೆ (1913–2021) ನಾಡಿನ ಮೂಲೆ ಮೂಲೆಯಿಂದ ದೊಡ್ಡವರೇ ಪತ್ರ ಬರೆದು ಪದದ ಅರ್ಥ ಕೇಳುತ್ತಿದ್ದರು. ಅವರು ಪೇಪರಿನಲ್ಲಿ ಉತ್ತರ ಕೊಡುತ್ತಿದ್ದರು. ಕೇಳಲು ಯಾರಿಗೂ ನಾಚಿಕೆ ಇರಲಿಲ್ಲ. ಅದೇ ಪ್ರಶ್ನೆ ಮಗು ಕೇಳಿದರೆ 'ಅಷ್ಟೂ ಗೊತ್ತಿಲ್ವಾ?' ಅಂತ ಬಾಯಿ ಮುಚ್ಚಿಸುತ್ತೇವೆ.

ಊರಿನ ಕಥೆಯೂ ಅಷ್ಟೇ. 2024ರ ಕಾಯ್ದೆ ತಿದ್ದುಪಡಿಯಿಂದ ಅಂಗಡಿ ಬೋರ್ಡುಗಳಲ್ಲಿ ಶೇ. 60 ಕನ್ನಡ ಬಂತು. ಒಳ್ಳೆಯದೇ. ಹತ್ತಿರ ಹೋಗಿ ಓದಿದರೆ 'ಫ್ರೆಶ್ ಫ್ರೂಟ್ಸ್ ಅಂಡ್ ವೆಜಿಟೆಬಲ್ಸ್'. ಅಕ್ಷರ ಮಾತ್ರ ಕನ್ನಡದ್ದು, ಹಣ್ಣು ತರಕಾರಿ ಎಲ್ಲಿ ಹೋಯಿತು? ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ. ನಮ್ಮ ಬಡಾವಣೆಯ ಲೈಬ್ರರಿಗೆ ಹೋಗಿ ಮಕ್ಕಳ ಪುಸ್ತಕ ಕೇಳಿದೆ. ಬೀರುವಿನಲ್ಲಿವೆ, ಬೀಗದ ಕೈ ಇರುವವರು ರಜೆ ಅಂದರು. ಮೂರು ಸಲ ಹೋದೆ, ಮೂರು ಸಲವೂ ರಜೆ. ಪುಣ್ಯಕ್ಕೆ ಈ ಊರಿನದೇ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಬೀಗ ಇಲ್ಲ.

ಟ್ಯೂಷನ್ ಬೇಡ ತಾಯೀ. ಆ ದುಡ್ಡಿನಲ್ಲಿ ಸೀಸನ್ ಬಂದಾಗ ಎರಡು ಕೇಜಿ ಸೊಗಡಿನ ಅವರೆಕಾಯಿ ತನ್ನಿ. ಅತ್ತೆಯವರನ್ನು ನೆಲದ ಮೇಲೆ ಕೂರಿಸಿ, ಪಕ್ಕದಲ್ಲಿ ಮಗಳನ್ನೂ. ಹುಳು ಕಂಡರೆ ಕಿರುಚಲಿ, ಪರವಾಗಿಲ್ಲ. ಅತ್ತೆ ಕಥೆ ಹೇಳಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಮಿಸ್ ಕೇಳಿದ ಕ್ರಿಯಾಪದದ ಪಟ್ಟಿಯನ್ನು ಆಮೇಲೆ ಅವಳೇ ಬರೆಯಲಿ: ತರು, ಸುರಿ, ಬಿಡಿಸು, ಆರಿಸು, ನೆನೆಸು, ಹಿತುಕು, ತೊಳೆ, ಬೇಯಿಸು, ಬಡಿಸು, ತಿನ್ನು. ಎಣಿಸಿ ನೋಡಿ, ಸರಿಯಾಗಿ ಹತ್ತಿದೆ.

– ಸಂ.