ಚಾ ಬೇಡ, ಬೆಲ್ಲ ನೀರು ಸಾಕು

ಪ್ರಶ್ನೆ: ನನಗೆ 27 ವರ್ಷ. ತವರು ರಾಣೆಬೆನ್ನೂರು. ಮದುವೆಯಾಗಿ ಐದು ತಿಂಗಳಾಯಿತು. ಗಂಡನ ಮನೆ ಕಾಪುವಿನಲ್ಲಿ, ನನ್ನ ಕೆಲಸ ಮಂಗಳೂರಿನಲ್ಲಿ. ಹಾಲು ಹಾಕಿದ ಕಾಫಿ, ಚಹಾ ಎರಡೂ ನನಗೆ ಸೇರುವುದಿಲ್ಲ. ಕಾದ ಹಾಲಿನ ವಾಸನೆಗೇ ಹೊಟ್ಟೆ ತೊಳಸುತ್ತದೆ. ಇಲ್ಲಿ ಭಾನುವಾರ ಬಂತೆಂದರೆ ನಾಲ್ಕು ನೆಂಟರ ಮನೆ, ನಾಲ್ಕು ಲೋಟ. ಒಮ್ಮೆ ಯಾರೂ ನೋಡದಾಗ ಜಗಲಿಯ ಪಕ್ಕದ ದಾಸವಾಳದ ಬುಡಕ್ಕೆ ಸುರಿದುಬಿಟ್ಟೆ. ಕಳೆದ ವಾರ ಅತ್ತೆಯ ಅಕ್ಕನ ಮನೆಯಲ್ಲಿ ಕಾಫಿ ಕೈಗೆ ಬಂದಾಗ ಧೈರ್ಯ ಮಾಡಿ ಬೇಡವೆಂದೆ. ಯಾಕೆ ಎಂದರು, ಗ್ಯಾಸ್ಟ್ರಿಕ್ ಎಂದೆ. ಐದೇ ನಿಮಿಷದಲ್ಲಿ ಕಷಾಯ ಮಾಡಿ ತಂದರು, ಅದಕ್ಕೂ ಹಾಲು. ಅದನ್ನೂ ಬೇಡವೆಂದಾಗ ದೊಡ್ಡಮ್ಮ ಅತ್ತೆಯ ಮುಖ ನೋಡಿ ನಕ್ಕು, "ನಮಗೂ ಒಂದು ಮಾತು ಹೇಳಬಹುದಿತ್ತು" ಎಂದರು. ಅಂದಿನಿಂದ ಅತ್ತೆ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ. "ಒಂದು ಗುಟುಕು ಕುಡಿದರೆ ನಿನ್ನ ಗಂಟೇನು ಹೋಗುತ್ತಿತ್ತು" ಎನ್ನುತ್ತಾರೆ ಗಂಡ. ಮುಂದಿನ ತಿಂಗಳು ಗಂಡನ ಚಿಕ್ಕಪ್ಪನ ಮಗನ ಮೆಹಂದಿ. ಅಲ್ಲಿ ಬಿಯರ್, ವೈನ್ ಹಿಡಿದು ಬೆನ್ನು ಹತ್ತುವವರಿದ್ದಾರೆ ಎಂದು ಓರಗಿತ್ತಿ ಈಗಲೇ ಹೆದರಿಸಿದ್ದಾಳೆ. ಯಾರಿಗೂ ನೋವಾಗದ ಹಾಗೆ ಬೇಡ ಎನ್ನುವುದು ಹೇಗೆ?
– ಹೆಸರು ಬೇಡ, ಕಾಪು

ಉತ್ತರ: ತಂಗೀ, ದಾಸವಾಳದ ಗಿಡಕ್ಕೆ ಏನೂ ಆಗಿರುವುದಿಲ್ಲ. ಆದರೆ ಸಕ್ಕರೆ ಬೆರೆತ ಹಾಲಿಗೆ ಇರುವೆ ಬರುತ್ತದೆ, ಇರುವೆಯ ಸಾಲು ಹಿಡಿದು ಮನೆಯಾಕೆ ಬರುತ್ತಾರೆ. ಇನ್ನೊಮ್ಮೆ ಆ ದಾರಿ ಬೇಡ.

ನಿಮ್ಮ ಪತ್ರ ಓದುವಾಗ ನಾನು ಕಾಫಿಯನ್ನು ದಾಟಿ ದೊಡ್ಡಮ್ಮನ ಆ ನಗುವಿನ ಹತ್ತಿರ ನಿಂತೆ. ಮದುವೆಯಾಗಿ ಐದು ತಿಂಗಳಾದ ಹುಡುಗಿ ಹಾಲಿನ ವಾಸನೆಗೆ ಮುಖ ಕಿವುಚುತ್ತಾಳೆ, ಹೊಟ್ಟೆ ಸರಿಯಿಲ್ಲ ಎನ್ನುತ್ತಾಳೆ, ಕಷಾಯವನ್ನೂ ದೂರ ಸರಿಸುತ್ತಾಳೆ. ಹತ್ತಾರು ಬಾಣಂತನ ಕಂಡ ಹಿರಿಯ ಹೆಂಗಸು ಇದನ್ನು ಏನೆಂದು ಓದಿಕೊಳ್ಳಬೇಕು? ಅವರ ಕಣ್ಣು ಲೋಟದಿಂದ ನೇರವಾಗಿ ನಿಮ್ಮ ಹೊಟ್ಟೆಯ ಮೇಲೆ ಹೋಗಿದೆ. "ಒಂದು ಮಾತು ಹೇಳಬಹುದಿತ್ತು" ಎಂದದ್ದು ನಿಮಗಲ್ಲ, ತಂಗಿಗೆ. ನಿಮ್ಮ ಅತ್ತೆ ಈಗ ಎರಡು ಕಡೆಯಿಂದ ಸಿಕ್ಕಿಬಿದ್ದಿರಬಹುದು. ವಿಶೇಷವನ್ನು ಮುಚ್ಚಿಟ್ಟರೆಂದು ಅಕ್ಕನಿಗೆ ಮುನಿಸು, ಸೊಸೆ ನನಗೂ ಹೇಳಲಿಲ್ಲವೇ ಎಂದು ತಮಗೇ ಅನುಮಾನ. ಅವರು ಮಾತು ಬಿಟ್ಟಿರುವುದು ಕಾಫಿಗಾಗಿ ಎಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಇಂದೇ ಅಡುಗೆಮನೆಗೆ ಹೋಗಿ, ಅವರು ಸೊಪ್ಪು ಸೋಸುತ್ತಿರುವಾಗ ಪಕ್ಕದಲ್ಲಿ ಕುಳಿತು ಹೇಳಿ: "ಅತ್ತೇ, ವಿಶೇಷ ಏನೂ ಇಲ್ಲ. ನನಗೆ ಚಿಕ್ಕಂದಿನಿಂದಲೂ ಕಾದ ಹಾಲು ಆಗುವುದಿಲ್ಲ. ಗ್ಯಾಸ್ಟ್ರಿಕ್ ಎಂದದ್ದು ಸುಳ್ಳು, ಹೆದರಿ ಹೇಳಿದೆ." ಅರ್ಧ ಕೆಲಸ ಅಲ್ಲಿಗೇ ಮುಗಿಯಬಹುದು.

ಕಾಯಿಲೆಯ ನೆಪವನ್ನು ಮಾತ್ರ ಕೈಬಿಡಿ. ನಮ್ಮ ಕರಾವಳಿಯಲ್ಲಿ ಒಂದೊಂದು ಕಾಯಿಲೆಗೂ ಒಂದೊಂದು ಲೋಟ ಕಾದು ಕುಳಿತಿರುತ್ತದೆ. ಗ್ಯಾಸ್ಟ್ರಿಕ್ ಎಂದರೆ ಜೀರಿಗೆ ಕಷಾಯ, ಪಿತ್ತ ಎಂದರೆ ಪುನರ್ಪುಳಿ (ಕೋಕಂ ಹಣ್ಣು) ಶರಬತ್ತು, ಉಷ್ಣ ಎಂದರೆ ಎಳನೀರು, ಶೀತ ಎಂದರೆ ಕಾಳುಮೆಣಸು ಶುಂಠಿ ಕುದಿಸಿದ ನೀರು. ಇವತ್ತು ಉಪವಾಸ ಎಂದು ನೋಡಿ, "ಹಾಲು ಉಪವಾಸಕ್ಕೆ ಆಗುತ್ತದೆ" ಎಂದು ದೊಡ್ಡ ಲೋಟವೇ ಬರುತ್ತದೆ. ಸುಳ್ಳು ಹೇಳಿ ಪಾರಾದವರನ್ನು ನಾನಂತೂ ಕಂಡಿಲ್ಲ.

ನಿಮಗೆ ಹಾಲು ಸೇರದಿರುವುದು ತಪ್ಪಲ್ಲ. ತಪ್ಪಿದ್ದು ಹೊತ್ತು. ಲೋಟ ಕೈಗೆ ಬಂದ ಮೇಲೆ ಬೇಡ ಎಂದಿರಿ. ಅಷ್ಟರಲ್ಲಿ ಒಳಗೆ ಹಾಲು ಕಾದಿದೆ, ಸಕ್ಕರೆ ಕರಗಿದೆ, ಪ್ಯಾಕೆಟ್ ತರಲು ಯಾವುದೋ ಹುಡುಗ ಅಂಗಡಿಗೆ ಓಡಿ ಬಂದಿದ್ದಾನೆ. ಅಂಥ ಲೋಟವನ್ನು ಹಿಂದಕ್ಕೆ ಕಳುಹಿಸಿದರೆ ಮಾಡಿದವರ ಮುಖ ಸಣ್ಣದಾಗುವುದು ಸಹಜ. ಬೇಡ ಎನ್ನಲು ಸರಿಯಾದ ಹೊತ್ತು ಚಪ್ಪಲಿ ಕಳಚಿ ಚಾವಡಿಗೆ ಕಾಲಿಡುವಾಗ. ಆಗಲೂ ಬರಿಯ ಬೇಡ ಸಾಲದು, ಜೊತೆಗೆ ಬೇರೊಂದನ್ನು ಕೇಳಬೇಕು.

ಇಲ್ಲಿ ಈ ನೆಲವೇ ನಿಮ್ಮ ಕಡೆಗಿದೆ. ತುಳುನಾಡಿನಲ್ಲಿ ಬಂದವರಿಗೆ ಮೊದಲು ಕೊಡುತ್ತಿದ್ದದ್ದು ಕಾಫಿಯಲ್ಲ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ನಿಮ್ಮ ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಸಾಲಾಗಿ ಅಂಟಿಕೊಂಡಿರುವುದಿಲ್ಲ. ಗದ್ದೆಗೊಂದು, ತೋಟಕ್ಕೊಂದು ಮನೆ. ನೆಂಟರು ಬೆವರು ಸುರಿಸಿಕೊಂಡು ಬೈಲು ದಾಟಿ ಬರಬೇಕು. ಹಾಗಾಗಿ ಕ್ಷೇಮಸಮಾಚಾರಕ್ಕೂ ಮೊದಲು ಬಾಯಾರಿಕೆಯ ವಿಚಾರ. ಚಾ, ಕಾಫಿ ಈ ಬೆಲ್ಲದ ಜಾಗದಲ್ಲಿ ಬಂದು ಕುಳಿತದ್ದು ಬಹಳ ತಡವಾಗಿ. ಎಂದಮೇಲೆ ನೀವಾಗಿಯೇ ಬೆಲ್ಲ ನೀರು ಕೇಳಿದರೆ ಅದು ನಿರಾಕರಣೆಯೇ ಆಗುವುದಿಲ್ಲ. ಹಳಬರಿಗೆ ಅದು ಕಾಫಿಗಿಂತ ಒಂದು ಕೈ ಹೆಚ್ಚು.

ಈ ಐದು ತಿಂಗಳಲ್ಲಿ ತುಳು ಎಷ್ಟು ಕಲಿತಿದ್ದೀರೋ ಗೊತ್ತಿಲ್ಲ. ಎರಡು ಪದಗಳ ವ್ಯತ್ಯಾಸವನ್ನಂತೂ ಕಲಿತುಕೊಳ್ಳಿ: "ಬೊಡ್ಚಿ" ಎಂದರೆ ಬೇಡ, "ಯಾವು" ಎಂದರೆ ಸಾಕು. ಬೊಡ್ಚಿ ಎಂದವರು ಬಾಗಿಲು ಹಾಕಿಕೊಂಡರು, ಯಾವು ಎಂದವರು ಉಂಡು ತೃಪ್ತರಾದರು. ಎರಡನ್ನೂ ಸೇರಿಸಿ "ಎಂಕ್ ಚಾ ಬೊಡ್ಚಿ, ಬೆಲ್ಲ ನೀರ್ ಯಾವು" ಎಂದು ದೊಡ್ಡಮ್ಮನ ಮುಂದೆ ಒಮ್ಮೆ ಹೇಳಿ ನೋಡಿ. ರಾಣೆಬೆನ್ನೂರಿನ ನಾಲಿಗೆಯಲ್ಲಿ ಅದು ಸ್ವಲ್ಪ ತೊದಲಿದರೆ ಇನ್ನೂ ಒಳ್ಳೆಯದು. ಅವರು ನಕ್ಕು ಅದನ್ನೇ ಹತ್ತು ಮನೆಗೆ ಹೇಳುತ್ತಾರೆ, ನಿಮ್ಮ ಸುದ್ದಿ ನಿಮಗಿಂತ ಮುಂಚೆ ತಲುಪುತ್ತದೆ. ಬೆಲ್ಲವೇ ಆಗಬೇಕೆಂದಿಲ್ಲ. ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು ಕೇಳಿ, ಮನೆಯ ಹಿಂದೆ ತೆಂಗು ಕಂಡರೆ ಬೊಂಡ ಕೇಳಿ (ನೀವು ಎಳನೀರು ಎನ್ನುವುದು ಇಲ್ಲಿ ಬೊಂಡ, ಎಣ್ಣೆಯಲ್ಲಿ ಕರಿದದ್ದು ಬರುತ್ತದೆಂದು ಕಾಯಬೇಡಿ). ಮಂಗಳೂರಿನ ಬ್ಯಾರಿ ಮುಸ್ಲಿಂ ಗೆಳತಿಯ ಮನೆಯಲ್ಲಿ ಹಾಲಿಲ್ಲದ, ನಿಂಬೆ ಹಿಂಡಿದ ಸುಲೈಮಾನಿ ಚಾ ಸಿಗುತ್ತದೆ. ಉಳಿದ ಕಡೆ ಕಣ್ಣ ಚಾ (ಹಾಲು ಹಾಕದ ಚಾ) ಎಂದರೆ ಅರ್ಥವಾಗುತ್ತದೆ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಎಡವಿದವಳೇ. ಮದುವೆಯಾದ ಹೊಸತರಲ್ಲಿ ಪುತ್ತೂರಿನ ಒಂದು ಮನೆಯಲ್ಲಿ ಶುಂಠಿ ಚಾ ಕೊಟ್ಟರು. ಶುಂಠಿ ಎಂದರೆ ನನಗೆ ಆಗದು. ಮರ್ಯಾದೆಗೆಂದು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದು ಮುಗಿಸಿದೆ. ಆ ಚಿಕ್ಕಮ್ಮ ಅದನ್ನು ಕಂಡು, ಪಾಪ ಹುಡುಗಿಗೆ ಎಷ್ಟು ಇಷ್ಟ ಎಂದುಕೊಂಡರು. ಇಪ್ಪತ್ತೆರಡು ವರ್ಷಗಳಿಂದ ನನಗೆಂದೇ ಬೇರೆ ಪಾತ್ರೆಯಲ್ಲಿ, ಎಲ್ಲರಿಗಿಂತ ದಪ್ಪ ಶುಂಠಿ ಜಜ್ಜಿ, ಎಲ್ಲರಿಗಿಂತ ದೊಡ್ಡ ಲೋಟದಲ್ಲಿ ತರುತ್ತಾರೆ. ಇನ್ನು ಹೇಳುವ ಬಾಯಿ ನನಗಿಲ್ಲ. ನಿಮಗೆ ಆಗಿರುವುದು ಐದೇ ತಿಂಗಳು.

ನಿಮ್ಮ ಗಂಡನ "ಒಂದು ಗುಟುಕು" ಉಪದೇಶಕ್ಕೆ ಬರೋಣ. ಕಾಪುವಿನಲ್ಲೇ ಹುಟ್ಟಿ ಬೆಳೆದವರು ಇದನ್ನು ಹೇಳಬಾರದಿತ್ತು. ಬಾಯಿ ತಾಗದ ಲೋಟವನ್ನು ಮನೆಯ ಇನ್ನೊಬ್ಬರು ಕುಡಿಯುತ್ತಾರೆ. ಒಂದು ಗುಟುಕು ಕುಡಿದಿಟ್ಟರೆ ಅದು ಎಂಜಲು, ಚೆಲ್ಲುವುದಷ್ಟೇ ದಾರಿ. ಮುನ್ಸೂಚನೆ ಕೊಟ್ಟ ಮೇಲೂ ಎಲ್ಲಿಯಾದರೂ ಕಾಫಿ ಬಂದೇಬಿಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ತುಟಿಗೆ ತಾಗಿಸದೆ ಪಕ್ಕದಲ್ಲಿ ಕುಳಿತ ಗಂಡನ ಮುಂದೆ ಇಡಿ, "ಇದು ಇವರಿಗೆ" ಎನ್ನಿ. ಭಾನುವಾರಕ್ಕೆ ಎಂಟು ಲೋಟ ಕುಡಿದ ಮೇಲೆ ಅವರೇ ನಿಮ್ಮ ವಕಾಲತ್ತು ವಹಿಸುತ್ತಾರೆ. ಅವರಿಗಿಂತ ಗಟ್ಟಿ ವಕೀಲರು ಅತ್ತೆ. "ನಮ್ಮ ಸೊಸೆಗೆ ಹಾಲು ಆಗುವುದಿಲ್ಲ, ಅವಳಿಗೆ ಬೆಲ್ಲ ನೀರು ಸಾಕು" ಎಂದು ಅವರು ಚಾವಡಿಯಲ್ಲಿ ಒಂದು ಮಾತು ಹಾಕಿದರೆ ಆ ಮನೆಯಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಅದನ್ನೇ ನೀವು ಹೇಳಿದರೆ ಬಿಂಕ ಎನ್ನುವವರಿದ್ದಾರೆ. ಸರಿಯಲ್ಲ, ಆದರೆ ಹೊಸ ಸೊಸೆಯ ಪಾಡು ಸದ್ಯಕ್ಕೆ ಇಷ್ಟೇ.

ನಡುವೆ ಒಂದು ಮಾತು. ವಾಸನೆಯಷ್ಟೇ ಅಲ್ಲದೆ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯೂ ಆಗುವುದಾದರೆ ಒಮ್ಮೆ ವೈದ್ಯರನ್ನು ಕೇಳಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವ ಬಹಳ ಮಂದಿಗೆ ದೊಡ್ಡವರಾದಂತೆ ಕಡಿಮೆಯಾಗುತ್ತದೆ. ಅಂಥವರಲ್ಲಿ ಕೆಲವರಿಗೆ ಮೊಸರು, ಮಜ್ಜಿಗೆ ತೊಂದರೆ ಕೊಡುವುದಿಲ್ಲ.

ಮೆಹಂದಿಯ ರಾತ್ರಿಗೆ ಈ ನಯವೆಲ್ಲ ಬೇಡ. ಮನೆಗೆ ಬಂದವರ ಬಾಯಾರಿಕೆ ಕೇಳುವವರು ಬೇರೆ, ತಮ್ಮ ಕುಡಿತಕ್ಕೆ ಜೊತೆ ಹುಡುಕುವವರು ಬೇರೆ. ಎರಡನೆಯವರಿಗೆ ನೀವು ಕಾರಣ ಹೇಳುವ ಹಂಗಿನಲ್ಲಿಲ್ಲ. ಕಾರಣ ಕೊಟ್ಟರೆ ಅದನ್ನು ಕತ್ತರಿಸಲು ಕುಳಿತುಬಿಡುತ್ತಾರೆ. "ನಾನು ಕುಡಿಯುವುದಿಲ್ಲ" ಎಂದು ನಗುತ್ತಲೇ ಹೇಳಿ, ಎರಡನೆಯ ಸಲವೂ ಅದೇ ಎರಡು ಪದಗಳನ್ನೇ ಹೇಳಿ, ಮೂರನೆಯ ಸಲ ಅಲ್ಲಿಂದ ಎದ್ದು ಮದರಂಗಿ ಹಚ್ಚುವವರ ಹತ್ತಿರ ಹೋಗಿ ಎರಡೂ ಕೈ ಚಾಚಿ. ಹಸಿ ಮದರಂಗಿಯ ಕೈಗೆ ಯಾರೂ ಗ್ಲಾಸು ಕೊಡಲಾರರು. ಅಲ್ಲಿಯವರೆಗೆ ಕೈ ಖಾಲಿ ಇರುವುದು ಬೇಡ. ಖಾಲಿ ಕೈ ಕಂಡರೆ ತುಂಬಿಸುವವರಿಗೆ ತುರಿಕೆ. ಒಂದು ಗ್ಲಾಸು ಪುನರ್ಪುಳಿ ಹಿಡಿದುಕೊಳ್ಳಿ, ಅದರ ಕಡುಗೆಂಪು ದೀಪದ ಬೆಳಕಿನಲ್ಲಿ ವೈನಿನಂತೆಯೇ ಕಾಣುತ್ತದೆ. ಕ್ರೈಸ್ತ ಸಹೋದ್ಯೋಗಿಗಳ ಮದುವೆಯಲ್ಲಿ ಟೋಸ್ಟ್ ಎತ್ತುವಾಗಲೂ ಇದು ನಡೆಯುತ್ತದೆ. ವಧೂವರರಿಗೆ ಹಾರೈಸಲು ಗ್ಲಾಸು ಎತ್ತಿದರೆ ಸಾಕು, ಒಳಗೆ ಏನಿದೆ ಎಂದು ಯಾರೂ ಇಣುಕುವುದಿಲ್ಲ. ಅಂದು ರಾತ್ರಿ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವವರು ನೀವೇ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಇನ್ನೂ ಹಗುರ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಚಾಲಕರ ಮೇಲೆ ಕೇಸು ಎಂಬುದು ಎಷ್ಟೇ ಏರಿದವರಿಗೂ ನೆನಪಿರುತ್ತದೆ.

ಓರಗಿತ್ತಿಯನ್ನು ಹತ್ತಿರ ಇಟ್ಟುಕೊಳ್ಳಿ. ಯಾರು ಬೆನ್ನು ಹತ್ತುತ್ತಾರೆಂದು ಇಷ್ಟು ಖಚಿತವಾಗಿ ಹೇಳಿದವಳಿಗೆ, ಅವರಿಂದ ತಾನು ಹೇಗೆ ತಪ್ಪಿಸಿಕೊಂಡೆ ಎಂಬುದೂ ಗೊತ್ತಿರಬೇಕು.